ಕೂದಲಿನ ಪುಡಿ, ಬೆಳ್ಳುಳ್ಳಿ ವಾಸನೆ

ನಮ್ಮ ಮನೆಯ ಮುಂಭಾಗ ದಿನಸಿ ಅಂಗಡಿ, ಹಿಂಭಾಗ ಸಂಸಾರ. ತರೀಕೆರೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರ. ಅಂಗಡಿಯ ಬಾಗಿಲಲ್ಲಿ ವರ್ಷವಿಡೀ ಬೆಳ್ಳುಳ್ಳಿ ಚೀಲ ಬಾಯಿ ತೆರೆದುಕೊಂಡು ನಿಂತಿರುತ್ತದೆ. ಆದರೆ ಶ್ರಾವಣ ಬಂತೆಂದರೆ ಅದೇ ಬೆಳ್ಳುಳ್ಳಿ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಊರಿಗೆಲ್ಲ ತೂಗಿ ಕೊಡಬಹುದು, ನಾವು ತಿನ್ನುವಂತಿಲ್ಲ. ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಒಂದು ತಿಂಗಳು ಬರೀ ಇಂಗಿನ ಒಗ್ಗರಣೆ ಉಂಡರೆ ಯಾರಿಗೂ ಏನೂ ಆಗುವುದಿಲ್ಲ. ನನ್ನ ಸಿಟ್ಟು ಬೇರೆಯದರ ಮೇಲೆ. ಅದು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಈ ಮನೆಯ ಹಿರಿಯ ಸೊಸೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಚೌಳಹಿರಿಯೂರಿನ ಕಡೆಯವಳು. ಮದುವೆಯಾಗಿ ಬಂದಾಗ ಅವಳ ಜಡೆ ಸೊಂಟದ ಕೆಳಗೆ ಇಳಿಯುತ್ತಿತ್ತು. ಹೆಣ್ಣು ನೋಡಲು ಹೋದ ದಿನ ನಮ್ಮ ಅತ್ತೆ ಬೇರೇನನ್ನೂ ಕೇಳಲಿಲ್ಲ. ಜಡೆಯನ್ನು ಕೈಯಲ್ಲಿ ಹಿಡಿದು, ಭಾರ ನೋಡಿ, ಮಾತುಕತೆ ಮುಗಿಸಿದರು. ಆಮೇಲೆ ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ಆ ಕೂದಲೆಲ್ಲ ಅತ್ತೆಯೇ ಕಷ್ಟಪಟ್ಟು ಬೆಳೆಸಿದ್ದು ಅನ್ನಬೇಕು, ಹಾಗೆ.

ಹೆರಿಗೆಯಾಗಿ, ತವರಿನಲ್ಲಿ ಬಾಣಂತನ ಮುಗಿಸಿ ಮಗುವಿನೊಂದಿಗೆ ವಾಪಸು ಬಂದ ಮೇಲೆ ಅವಳ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಮಗುವಿನ ಮುಷ್ಟಿಯೊಳಗೆ. ಹೆತ್ತವರಿಗೆಲ್ಲ ಇದು ಆಗುತ್ತದೆ. ನನಗೂ ಆಗಿತ್ತು, ಕೆಲವು ತಿಂಗಳಲ್ಲಿ ತಾನಾಗಿಯೇ ಬಂತು. ಅತ್ತೆಗೂ ಆಗಿರಲೇಬೇಕು, ಮಕ್ಕಳು ದೊಡ್ಡವರಾದ ಮೇಲೆ ಮರೆತಿದ್ದಾರೆ. ನಾನು ಹೇಳಿದೆ, "ಸುಮ್ನಿರಿ ಅತ್ತೆ, ತಾನೇ ಸರಿಹೋಗ್ತದೆ." ಸುಮ್ಮನಿರುವುದು ಎಂಬ ಔಷಧಿಯನ್ನು ನಮ್ಮ ಜನ ಯಾವತ್ತು ನಂಬಿದ್ದಾರೆ ಹೇಳಿ? ಯಾರಾದರೂ ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಮಾತ್ರ ಅದು ಔಷಧಿ.

ಡಬ್ಬಿ ಬಂದೇ ಬಂತು. ತಂದವರು ಅತ್ತೆಯ ಸ್ವಂತ ತಂಗಿ, ಅಜ್ಜಂಪುರದ ಚಿಕ್ಕತ್ತೆ. ಮೊದಲು ಸೀರೆ ತಂದು ಮಾರುತ್ತಿದ್ದರು, ಆಮೇಲೆ ಸ್ಟೀಲು ಪಾತ್ರೆ, ಈಗ ಆರೋಗ್ಯ. ಮೂರಕ್ಕೂ ಅದೇ ಚೀಲ, ಅದೇ ಮಾತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಒಂದೊಂದಾಗಿ ಹೊರಗೆ ತೆಗೆದರು. ಹಾಲಿನಲ್ಲಿ ಕದಡಿ ಕುಡಿಯಲು ಒಂದು ಪುಡಿ, ಊಟವಾದ ಮೇಲೆ ನುಂಗಲು ಒಂದು ಮಾತ್ರೆ, ಮಲಗುವಾಗ ನೀರಿಗೆ ಬಿಟ್ಟುಕೊಳ್ಳಲು ಹನಿ. ಮೂರರ ಮೇಲೂ ಒಂದು ಹಸಿರು ಎಲೆ, ಒಂದು ಕಲ್ಲುಬಂಡೆ, ಬಂಡೆಯ ಮೇಲೆ ಕೂದಲು ಬಿಟ್ಟುಕೊಂಡು ಕೂತ ಒಬ್ಬ ಹೆಂಗಸು.

"ಇದು ಇಂಗ್ಲಿಷ್ ಔಷಧಿ ಅಲ್ಲ ಕಣೇ, ಖನಿಜ. ನೆಲದೊಳಗಿನ ಸತ್ವ," ಎಂದರು ಚಿಕ್ಕತ್ತೆ. "ಎಮ್ಮೆದೊಡ್ಡಿ ಹುಲ್ಲುಕಾವಲಲ್ಲಿ ಅಮೃತಮಹಲ್ ದನ ನೋಡಿದೀಯಲ್ಲ, ಮೈ ಹೆಂಗೆ ಮಿಂಚ್ತದೆ? ಅವಕ್ಕೆ ಯಾರು ಎಣ್ಣೆ ಹಚ್ತಾರೆ? ಅಲ್ಲಿನ ಮಣ್ಣಿನ ಖನಿಜ ಹುಲ್ಲಿಗೆ ಬಂದು, ಹುಲ್ಲಿಂದ ದನಕ್ಕೆ ಬರ್ತದೆ. ಅದೇ ಇದು."

"ಆ ದನದ ಮೈಮೇಲಿನ ಕೂದಲು ಉಗುರಿನಷ್ಟೂ ಉದ್ದ ಇಲ್ಲ ಚಿಕ್ಕತ್ತೆ," ಎಂದೆ ನಾನು. "ಅಷ್ಟೇ ಸಾಕು ಅಂದ್ರೆ ಕೊಡಿ."

ವಾರಗಿತ್ತಿ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಎದ್ದು ಒಳಗೆ ಹೋಗಬೇಕಾಯಿತು. ನೆಲದಿಂದ ಬಂದದ್ದೆಲ್ಲ ಒಳ್ಳೆಯದು ಎಂಬ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತ ಎಲ್ಲಿಂದ ಬಂತು? ಅದೂ ಖನಿಜವೇ. ಹಾಲಿಗೆ ಒಂದು ಚಮಚ ಹಾಕಿಕೊಂಡು ಕುಡಿಯಿರಿ ನೋಡೋಣ. ಇಷ್ಟನ್ನೂ ನಾನು ಅಡುಗೆಮನೆಯಿಂದಲೇ ಗಟ್ಟಿಯಾಗಿ ಹೇಳಿದೆ. ಅತ್ತೆ ಅಲ್ಲಿಂದಲೇ, "ನಿನ್ ಪಾಠ ಸ್ಕೂಲಲ್ಲಿ ಇಟ್ಕೋ," ಎಂದರು.

ಅವತ್ತಿನಿಂದ ವಾರಗಿತ್ತಿಗೆ ಮೂರೂ ಶುರುವಾದವು. ಅತ್ತೆಯೇ ನಿಂತು ಕುಡಿಸುತ್ತಿದ್ದರು. ಚಿಕ್ಕತ್ತೆ ಅವಳನ್ನು ತಮ್ಮ ಮೊಬೈಲ್ ಗುಂಪಿಗೂ ಸೇರಿಸಿದರು. ಅದರಲ್ಲಿ ದಿನಾ ಎರಡೆರಡು ಫೋಟೋ: ಮೊದಲು ಹೀಗಿತ್ತು, ಈಗ ಹೀಗಾಯಿತು. ಮೊದಲಿನ ಫೋಟೋದ ಹೆಂಗಸಿಗೂ ಆಮೇಲಿನ ಫೋಟೋದ ಹೆಂಗಸಿಗೂ ಮೂಗೇ ಬೇರೆ ಬೇರೆ ಇರುತ್ತಿತ್ತು. ಖನಿಜ ಮೂಗನ್ನೂ ತಿದ್ದುತ್ತದೆಯೋ ಏನೋ.

ಕೂದಲು ನಿಲ್ಲಲಿಲ್ಲ. ಮೊದಲು ಎಳೆಯಾಗಿ ಬರುತ್ತಿದ್ದದ್ದು ಈಗ ಕುಚ್ಚಾಗಿ ಬರತೊಡಗಿತು. ಉಗುರಿನ ಮೇಲೆ ಬಿಳಿ ಗೆರೆ ಎದ್ದವು, ತುದಿ ಪುಡಿಯಾಗತೊಡಗಿತು. "ಬಾಯೆಲ್ಲ ಹಿತ್ತಾಳೆ ಚೊಂಬು ನೆಕ್ಕಿದಂಗೆ ಆಗ್ತದೆ ಅಕ್ಕ," ಎಂದಳು ಒಂದು ದಿನ. ನಾನು ಎಲ್ಲ ನಿಲ್ಲಿಸು ಎಂದೆ. ಅತ್ತೆ ಅಜ್ಜಂಪುರಕ್ಕೆ ಫೋನ್ ಮಾಡಿದರು. ಅಲ್ಲಿಂದ ಬಂದ ಉತ್ತರ ಹೀಗಿತ್ತು: ಹಳೇ ಕೂದಲು ಪೂರಾ ಉದುರಿದ ಮೇಲೇ ಹೊಸದು ಬರುವುದು, ಮೈ ದೊಡ್ಡದು, ಪ್ರಮಾಣ ಸಾಲುತ್ತಿಲ್ಲ, ಎಲ್ಲವನ್ನೂ ಎರಡು ಹೊತ್ತು ಕೊಡಿ. ಉದುರಿದರೂ ಔಷಧಿಯ ಗುಣ, ಬೆಳೆದರೂ ಔಷಧಿಯ ಗುಣ. ಹೀಗೆ ಸೋಲೇ ಇಲ್ಲದ ವ್ಯಾಪಾರವನ್ನು ನಮ್ಮ ಮೈದುನ ದಿನಸಿಯಲ್ಲಿ ಜನ್ಮವೆಲ್ಲ ಕೂತರೂ ಮಾಡಲಾರ.

ಪ್ರಮಾಣ ಎರಡು ಹೊತ್ತಾಗಿ ಸ್ವಲ್ಪ ದಿನಕ್ಕೆ ಶ್ರಾವಣ ಬಂತು. ಮನೆ ತೊಳೆದು, ಅಡುಗೆಯ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಈರುಳ್ಳಿ ಬೆಳ್ಳುಳ್ಳಿ ಬುಟ್ಟಿಯನ್ನು ಅಂಗಡಿಗೆ ಸಾಗಿಸಿದೆವು. ನಮ್ಮಲ್ಲಿ ಶ್ರಾವಣದ ಪ್ರತಿ ಸೋಮವಾರ ಅಯ್ಯನೋರು, ಅಂದರೆ ನಮ್ಮ ಜಂಗಮ ಗುರುಗಳು, ಬಂದು ಪಾದಪೂಜೆ ಮಾಡಿಸಿಕೊಳ್ಳುತ್ತಾರೆ. ಸೊಸೆ ತಂಬಿಗೆಯಿಂದ ನೀರು ಬಿಡಬೇಕು, ಅವಳ ಗಂಡ ಪಾದ ತೊಳೆಯಬೇಕು. ಬಾಣಂತನ ಮುಗಿಸಿ ಬಂದ ಸೊಸೆಗೆ ಕೊನೆಯ ಸೋಮವಾರದ ನೀರು ಎಂದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದಿದೆ. ವಾರಗಿತ್ತಿಗೆ ಅದರ ಮೇಲೆ ಬಹಳ ಆಸೆ ಇತ್ತು. ತವರಿಂದ ತಂದ ಸೀರೆಯನ್ನು ಅದಕ್ಕೆಂದೇ ಎತ್ತಿಟ್ಟಿದ್ದಳು.

ಮೊದಲ ಸೋಮವಾರ ಬೆಳಗ್ಗೆ ಅವಳು ದೇವರ ಮನೆಗೆ ವಿಭೂತಿ ತಟ್ಟೆ ತಂದುಕೊಟ್ಟು ಏನೋ ಕೇಳಲು ಬಾಯಿ ತೆರೆದಳು. ಅತ್ತೆ ಹಿಂದಕ್ಕೆ ಸರಿದರು.

"ಏನೇ ಇದು ವಾಸ್ನೆ?"

"ಏನತ್ತೆ?"

"ಬೆಳ್ಳುಳ್ಳಿ ತಿಂದಿದೀಯ."

"ಇಲ್ಲತ್ತೆ."

"ಹಾ ಅನ್ನು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ಮತ್ತೆ ಹೇಳಿದರು. ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸು, ಗಂಡನ ಎದುರು, ನನ್ನ ಗಂಡನ ಎದುರು, ಬಾಯಿ ತೆರೆದು ಉಸಿರು ಬಿಟ್ಟಳು. ಅತ್ತೆ ಮೂಸಿ ನೋಡಿದರು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರಲ್ಲ, ಹಾಗಿತ್ತು ಅದು.

ವಾಸನೆ ಇದ್ದದ್ದು ನಿಜ. ನನಗೂ ಬಂತು. ಹಸಿ ಬೆಳ್ಳುಳ್ಳಿ ಜಜ್ಜಿದ ಘಾಟು. ಆದರೆ ಅವಳು ಏನು ತಿಂದಳು, ಯಾವಾಗ ತಿಂದಳು ನನಗೆ ಗೊತ್ತಿತ್ತು. ನಾವಿಬ್ಬರೂ ಒಟ್ಟಿಗೆ ಬಡಿಸಿಕೊಂಡು ಒಟ್ಟಿಗೆ ಉಣ್ಣುವವರು. ಹಾಗೆಂದು ಹೇಳಿದೆ. ಯಾರ ಕಿವಿಗೂ ಬೀಳಲಿಲ್ಲ. ಅತ್ತೆಯ ಹತ್ತಿರ ಆಗಲೇ ಕಾರಣ ಸಿದ್ಧವಾಗಿತ್ತು.

"ಬಾಣಂತನದಲ್ಲಿ ತುಪ್ಪದಲ್ಲಿ ಹುರಿದು ಹುರಿದು ಕೊಟ್ಟಿರ್ತಾರೆ ತವರಲ್ಲಿ, ಹಾಲಿಗೆ ಅಂತ. ನಾಲಿಗೆಗೆ ಅದೇ ರುಚಿ ಹತ್ಬಿಟ್ಟಿದೆ. ಅಂಗ್ಡೀಲಿ ಚೀಲ ಇದೆ, ಹೋಗ್ತಾ ಬರ್ತಾ ಒಂದೆಸಳು ಬಾಯಿಗೆ ಹಾಕ್ಕೊಳ್ತಾಳೆ."

ಎಷ್ಟು ಸಲೀಸಾದ ಕಥೆ! ಬಾಣಂತಿಗೆ ಬೆಳ್ಳುಳ್ಳಿ ಕೊಡುವುದು ಎಲ್ಲ ಮನೆಯಲ್ಲೂ ಇರುವುದೇ. ಅಂಗಡಿಯಲ್ಲಿ ಚೀಲ ಇರುವುದೂ ಸುಳ್ಳಲ್ಲ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟು ಅವಳ ತಲೆಗೆ ಕಟ್ಟಿದರು. ಅವಳ ಗಂಡನಾದರೂ ಅವಳ ಪರ ನಿಲ್ಲಬೇಕಿತ್ತು. ಅವನು ಹೇಳಿದ್ದು, "ದಿನಾ ಬೆಳ್ಳುಳ್ಳಿ ತೂಗೋನು ನಾನು. ನನ್ ಮೂಗಿಗೆ ಗೊತ್ತಾಗಲ್ವೇನೇ? ಒಪ್ಕೊಂಡ್ಬಿಡು, ಅಯ್ಯನೋರಿಗೆ ಹೇಳಿ ತಪ್ಪುಕಾಣಿಕೆ ಹಾಕಿದ್ರೆ ಮುಗೀತು."

ಅದೇ ಸುಲಭದ ದಾರಿ. ಒಂದು ಸಣ್ಣ ಸುಳ್ಳು ಒಪ್ಪಿಕೊಂಡರೆ ಮನೆಗೆ ನೆಮ್ಮದಿ. ಅವಳು ತಲೆ ತಗ್ಗಿಸಿಯೇ ಇದ್ದಳು, ಆದರೆ ಮಾತು ತಗ್ಗಿಸಲಿಲ್ಲ.

"ತಿಂದಿದ್ರೆ ಹಾಕ್ತಿದ್ದೆ. ತಿಂದಿಲ್ಲ," ಎಂದಳು.

ಅಲ್ಲಿಂದ ಅವಳಿಗೆ ಅಡುಗೆಮನೆ ಇಲ್ಲ, ದೇವರ ಮನೆ ಇಲ್ಲ. ನಡುಮನೆಯ ಆಚೆ ಎಲೆ ಹಾಕಿ ಊಟ. ಒಪ್ಪಿಕೊಳ್ಳುವವರೆಗೆ ಕೊನೆಯ ಸೋಮವಾರದ ನೀರೂ ಇಲ್ಲ ಎಂದರು ಅತ್ತೆ. ಅಂಗಡಿಯ ಬೆಳ್ಳುಳ್ಳಿ ಚೀಲದ ಬಾಯನ್ನು ಮೈದುನ ಹೊಲಿಗೆ ಹಾಕಿ ಮುಚ್ಚಿದ. ವಾಸನೆ ಹೋಗಲಿಲ್ಲ. ಹೋಗಲಿಲ್ಲವೆಂದ ಮೇಲೆ ಚೀಲದ್ದಲ್ಲ ಎಂದು ಯೋಚಿಸಬೇಕಲ್ಲ? ಇಲ್ಲ. ಎಲ್ಲೋ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಅವಳ ಟ್ರಂಕು, ಮಗುವಿನ ಬಟ್ಟೆಯ ಬುಟ್ಟಿ ಜಾಲಾಡಿದರು. ಇಷ್ಟೆಲ್ಲದರ ನಡುವೆ ಪುಡಿ, ಮಾತ್ರೆ, ಹನಿ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ. ಹೊರಗೆ ಕೂತವಳಿಗೆ ಅತ್ತೆಯೇ ಲೋಟ ತಂದಿಟ್ಟು ಹೋಗುತ್ತಿದ್ದರು. ಅವಳ ಮಾತಿನ ಮೇಲೆ ನಂಬಿಕೆ ಇಲ್ಲ, ಡಬ್ಬಿಯ ಮೇಲಿನ ಮಾತಿನ ಮೇಲೆ ಅಷ್ಟು ನಂಬಿಕೆ.

ನನ್ನ ತವರು ಕಡೂರು. ಅಮ್ಮನಿಗೆ ಹುಷಾರಿಲ್ಲ, ಮಗುವನ್ನು ನೋಡಬೇಕಂತೆ ಎಂದು ಹೇಳಿ ಒಂದು ರಜೆಯ ದಿನ ವಾರಗಿತ್ತಿಯನ್ನೂ ಮಗುವನ್ನೂ ಹೊರಡಿಸಿದೆ. ಮೂರೂ ಡಬ್ಬಿಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ ಹಣೆತುಂಬ ವಿಭೂತಿಯ ಅಜ್ಜಿಯೊಬ್ಬರು ಮಗುವನ್ನು ಆಡಿಸುತ್ತ ಮಾತಿಗೆಳೆದರು. ವಾರಗಿತ್ತಿ ಎರಡು ಮಾತಾಡಿದ್ದೇ ಅವರ ಮುಖ ಬದಲಾಯಿತು. "ಶ್ರಾವಣ ಕಣವ್ವ," ಎಂದರು ಮೆಲ್ಲಗೆ, ಬೈಯುವ ಹಾಗೂ ಅಲ್ಲ. ಕಡೂರು ಬರುವವರೆಗೆ ಇವಳು ಮತ್ತೆ ಬಾಯಿ ತೆರೆಯಲಿಲ್ಲ. ಮಗುವಿನ ಜೊತೆಗೂ ಮಾತಾಡಲಿಲ್ಲ.

ಕಡೂರಿನಲ್ಲಿ ಚರ್ಮದ ಡಾಕ್ಟರಿದ್ದರು, ನಡುವಯಸ್ಸಿನ ಹೆಂಗಸು. ತಲೆ ನೋಡಿದರು, ಉಗುರು ನೋಡಿದರು, ಹತ್ತಿರ ಬಾಗಿದಾಗ ಅವರಿಗೂ ವಾಸನೆ ಬಂದಿರಬೇಕು.

"ಬೆಳ್ಳುಳ್ಳಿ ಜಾಸ್ತಿ ತಿಂತೀರಾ?" ಎಂದು ಕೇಳಿದರು.

"ಇಲ್ಲ ಮೇಡಂ."

"ಸರಿ. ಹಾಗಾದ್ರೆ ಮತ್ತೇನು ತಗೊಳ್ತಿದೀರ?"

ಅಷ್ಟೇ. ಇಲ್ಲ ಎಂದದ್ದಕ್ಕೆ ಸರಿ ಎಂದರು, ಮುಂದಿನ ಪ್ರಶ್ನೆ ಕೇಳಿದರು. ವಾರಗಿತ್ತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಡಾಕ್ಟರಿಗೆ ಗಾಬರಿಯಾಯಿತು. ಮನೆಯವರೆಲ್ಲ ಸೇರಿ ಮಾಡಲಾಗದ್ದನ್ನು ಗುರುತಿಲ್ಲದವರೊಬ್ಬರು ಒಂದು ಮಾತಿನಲ್ಲಿ ಮಾಡಿದ್ದರು, ಅದಕ್ಕೆ ಅಳು ಎಂದು ಅವರಿಗೆ ಹೇಗೆ ತಿಳಿಯಬೇಕು?

ನಾನು ಡಬ್ಬಿಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಮೇಲೇರಿಸಿ, ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ ಬರೆದದ್ದನ್ನು ಓದಿದರು. ಮೂರರಲ್ಲೂ ಸೆಲೆನಿಯಂ ಎಂಬ ಖನಿಜ ಇತ್ತು. ಅದು ಮೈಗೆ ಬೇಕು, ಆದರೆ ಕಣ್ಣಿಗೆ ಕಾಣದಷ್ಟು ಕಡಿಮೆ. ದಿನದ ಊಟದಲ್ಲೇ ಬರುತ್ತದೆ ಎಂದರು. ಮೂರು ಕಡೆಯಿಂದ, ಅದೂ ಎರಡೆರಡು ಹೊತ್ತು ಒಳಗೆ ಹೋದರೆ ಮಿತಿ ಮೀರುತ್ತದೆ. ಮೀರಿದ್ದನ್ನು ಮೈ ಉಸಿರಿನಲ್ಲಿ ಹೊರಗೆ ಹಾಕುತ್ತದೆ, ಆಗ ಉಸಿರು ಬೆಳ್ಳುಳ್ಳಿ ನಾರುತ್ತದೆ. ಉಗುರು ಹಾಳಾಗುತ್ತದೆ, ಬಾಯಿಗೆ ಲೋಹದ ರುಚಿ ಹತ್ತುತ್ತದೆ.

"ಕೂದಲೂ ಉದುರುತ್ತೆ," ಎಂದರು. "ಮೊದಲು ಉದುರಿದ್ದು ಹೆರಿಗೆಯಿಂದ, ಅದು ತಾನೇ ನಿಲ್ತಿತ್ತು. ಈಗ ಉದುರ್ತಿರೋದು ಇದರಿಂದ ಅಂತ ನನ್ನ ಅನುಮಾನ. ರಕ್ತ ಪರೀಕ್ಷೆಗೆ ಕಳಿಸೋಣ. ಇವತ್ತಿಂದ್ಲೇ ಎಲ್ಲ ನಿಲ್ಸಿ. ಮಗೂಗೆ ಹಾಲು ಕುಡಿಸ್ತಿದೀರಲ್ಲ, ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ."

ಆ ಕೊನೆಯ ಮಾತು ಕೇಳಿ ನನ್ನ ತಲೆಗೆ ರಕ್ತ ಏರಿತು. ಅಲ್ಲಿಯವರೆಗೆ ಅದೊಂದು ಕೂದಲಿನ ವಿಷಯವಾಗಿತ್ತು. ಮಕ್ಕಳ ಡಾಕ್ಟರು ನೋಡಿ ಮಗುವಿಗೆ ಏನೂ ಆಗಿಲ್ಲ ಎಂದ ಮೇಲೆಯೇ ನಾವಿಬ್ಬರೂ ನೀರು ಕುಡಿದದ್ದು. ರಕ್ತದ ಫಲಿತಾಂಶ ಆಮೇಲೆ ಫೋನಿಗೆ ಬಂತು, ಅಲ್ಲಿಯವರೆಗೆ ಡಬ್ಬಿಗಳನ್ನು ಕಡೂರಲ್ಲೇ ಮರೆತು ಬಂದೆ ಎಂದು ಅತ್ತೆಗೆ ಹೇಳಿದ್ದೆ. ಡಾಕ್ಟರ ಅನುಮಾನ ಸರಿಯಾಗಿಯೇ ಇತ್ತು.

ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದೆ. ಅಂಗಡಿ ಬಾಗಿಲು ಎಳೆದು ಮೈದುನನನ್ನೂ ಕರೆಸಿದೆ. ಈಗಲಾದರೂ ಯಾರಾದರೂ ಅವಳ ಮುಖ ನೋಡುತ್ತಾರೆ ಎಂದುಕೊಂಡಿದ್ದೆ. ಅತ್ತೆ ಮೊದಲು ಮಾಡಿದ ಕೆಲಸ ತಂಗಿಗೆ ಫೋನು. ಚಿಕ್ಕತ್ತೆಯ ದನಿ ನಡುಮನೆಗೆಲ್ಲ ಕೇಳುವಂತೆ ಬಂತು. ಅದು ಮೈಯೊಳಗಿನ ಕೊಳೆ ಹೊರಗೆ ಬರುತ್ತಿರುವುದಂತೆ, ಒಳ್ಳೆಯ ಸೂಚನೆಯಂತೆ, ಡಾಕ್ಟರುಗಳಿಗೆ ನೈಸರ್ಗಿಕ ಅಂದರೆ ಹೊಟ್ಟೆಯುರಿಯಂತೆ.

"ಆ ಕೊಳೆ ವಾಸ್ನೆಗೇ ಇವಳ್ನ ಹೊರಗೆ ಕೂರಿಸಿರೋದು ಚಿಕ್ಕತ್ತೆ," ಎಂದೆ. "ನಿಮ್ ಪುಡಿಯಿಂದ ಬೆಳ್ಳುಳ್ಳಿ ವಾಸ್ನೆ ಬರ್ತದೆ ಅಂತ ನಿಮ್ಮಕ್ಕಂಗೆ ಒಂದ್ಮಾತು ಹೇಳಿ ಸಾಕು."

ಚಿಕ್ಕತ್ತೆ "ಯಾರೋ ಬಂದ್ರು, ಆಮೇಲೆ ಮಾಡ್ತೀನಿ," ಎಂದು ಫೋನು ಇಟ್ಟರು. ಮತ್ತೆ ಮಾಡಲಿಲ್ಲ. ವಾರಗಿತ್ತಿಯನ್ನು ಗುಂಪಿನಿಂದ ತೆಗೆದುಹಾಕಿದರು, ಅಷ್ಟೇ. ಗುಂಪು ಇವತ್ತಿಗೂ ನಡೆಯುತ್ತಿದೆ, ಮೂಗು ಬದಲಾಗುತ್ತಲೇ ಇವೆ.

ಮೈದುನ ಗಿರಾಕಿ ಬಂದರು ಎಂದು ಎದ್ದು ಹೋದ. ಯಾರೂ ಬಂದಿರಲಿಲ್ಲ, ಬಾಗಿಲು ಎಳೆದವಳು ನಾನೇ. ಅತ್ತೆ ಸೆರಗಿನ ತುದಿ ಮಡಚುತ್ತ ಹೇಳಿದರು, "ಆಯ್ತು, ಪುಡಿ ನಿಲ್ಸು. ವಾಸ್ನೆ ಹೋಗ್ತದೋ ಇಲ್ವೋ ನೋಡಾಣ. ಹೋದ್ಮೇಲೆ ಮಾತು."

ಹೋದ ಮೇಲೆ ಮಾತು! ಡಾಕ್ಟರು ಹೇಳಿದ್ದು ಸಾಲದು, ರಕ್ತ ಹೇಳಿದ್ದು ಸಾಲದು, ಅವಳು ಮೊದಲ ದಿನದಿಂದ ಹೇಳುತ್ತಿರುವುದಂತೂ ಲೆಕ್ಕಕ್ಕೇ ಇಲ್ಲ. ಅವಳ ಉಸಿರೇ ಬಂದು ಸಾಕ್ಷಿ ಹೇಳಬೇಕು. ಅವಳು ಎದ್ದು ಹೋಗಿ ಹೊರಗಿನ ತನ್ನ ಜಾಗದಲ್ಲೇ ಕೂತಳು. ನಾನು ನನ್ನ ತಟ್ಟೆಯನ್ನೂ ಅಲ್ಲಿಗೇ ಒಯ್ದೆ. ಉಳಿದ ಶ್ರಾವಣವೆಲ್ಲ ನಾವಿಬ್ಬರೂ ಅಲ್ಲೇ ಉಂಡೆವು.

ವಾಸನೆ ಕಡಿಮೆಯಾಗುತ್ತಾ ಬಂತು. ಕೊನೆಯ ಸೋಮವಾರದ ಹೊತ್ತಿಗೆ ನನಗಂತೂ ಏನೂ ಬರುತ್ತಿರಲಿಲ್ಲ. ಅಯ್ಯನೋರು ಬಂದು ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಹರಿವಾಣ, ಬಿಲ್ವಪತ್ರೆ, ತಂಬಿಗೆ ಎಲ್ಲ ಸಿದ್ಧ. ಮೈದುನ ಮಡಿ ಉಟ್ಟು ನಿಂತಿದ್ದ. ಅತ್ತೆ ಹೊರಗೆ ಬಂದು ಸೊಸೆಯ ಮುಂದೆ ಬಾಗಿದರು.

"ಹಾ ಅನ್ನು ನೋಡಾಣ."

ಅವಳು ಅಂದಳು. ಅತ್ತೆ ಮೂಸಿ ನೋಡಿ, ಇನ್ನೊಮ್ಮೆ ಮೂಸಿ ನೋಡಿ, ಮುಖ ಅರಳಿಸಿದರು. "ಈಗ ಇಲ್ಲ ಕಣೇ. ಸೀರೆ ಉಟ್ಕೊಂಡು ಬಾ ಬೇಗ, ಅಯ್ಯನೋರು ಕಾಯ್ತಿದಾರೆ."

ಅವಳು ಏಳಲಿಲ್ಲ.

"ನಿಮ್ ಮೂಗು ಹೇಳ್ತು ಅಂತ ಕರೀತಿದೀರ ಅತ್ತೆ," ಎಂದಳು. ದನಿ ಏರಿಸಲಿಲ್ಲ. "ತಿಂದಿಲ್ಲ ಅಂತ ನಾನು ಹೇಳಿದ್ನಲ್ಲ, ಅದು ನಿಜ ಅಂತ ಕರೀರಿ. ಬತ್ತೀನಿ."

ಅತ್ತೆ ಮಗನ ಕಡೆ ನೋಡಿದರು. ಮಗ ತನ್ನ ಪಂಚೆಯ ಅಂಚು ನೋಡಿಕೊಂಡ. ಒಂದೇ ಒಂದು ಮಾತು. ಹೌದು ಕಣೇ, ನೀನು ಹೇಳಿದ್ದು ನಿಜ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಯ್ಯನೋರು ಎಲ್ಲ ಕೇಳಿಸಿಕೊಂಡು, ಏನೂ ಕೇಳಿಸದವರ ಹಾಗೆ ರುದ್ರಾಕ್ಷಿ ಎಣಿಸುತ್ತಿದ್ದರು. ಅತ್ತೆ ಒಳಗೆ ಬಂದು ತಂಬಿಗೆಯನ್ನು ನನ್ನ ಮುಂದೆ ಹಿಡಿದರು.

"ನೀನೇ ಬಿಡಮ್ಮ ನೀರು. ಹೊತ್ತಾಯ್ತು."

"ನನ್ ಬಾಯಿ ಮೂಸ್ಲೇ ಇಲ್ವಲ್ಲ ಅತ್ತೆ," ಎಂದೆ. "ಇಷ್ಟು ವರ್ಷ ಆಯ್ತು, ಒಂದಿನಾನೂ ಮೂಸಿಲ್ಲ. ನಾನು ತಿಂದಿಲ್ಲ ಅಂತ ಹೆಂಗೆ ನಂಬಿದ್ರಿ?"

ನನಗೆ ಸಂಬಳ ಬರುತ್ತದೆ, ಬಾಯಿ ಜೋರಿದೆ, ಅದೇ ಉತ್ತರ. ನಾನು ತಂಬಿಗೆ ಮುಟ್ಟಲಿಲ್ಲ. ಕೊನೆಗೆ ಅತ್ತೆಯೇ ನೀರು ಬಿಟ್ಟರು, ಅರ್ಧ ಹರಿವಾಣದ ಹೊರಗೆ ಚೆಲ್ಲಿತು.

ಈಗ ಅವಳ ಹಣೆಯ ಅಂಚಿನಲ್ಲಿ ಹೊಸ ಕೂದಲು ಹುಲ್ಲಿನ ಹಾಗೆ ಎದ್ದು ನಿಂತಿದೆ. ಅಡುಗೆಮನೆ, ದೇವರ ಮನೆ ಎಲ್ಲ ಅವಳಿಗೆ ತೆರೆದಿವೆ. ಅವಳು ಅಡುಗೆ ಮಾಡುತ್ತಾಳೆ, ದೇವರ ಮನೆಗೆ ಹೋಗುವುದಿಲ್ಲ. ಹೊರಗಿನ ಜಾಗದಲ್ಲೇ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಾಳೆ. ಅತ್ತೆ ಬಂದವರಿಗೆ ಅದಕ್ಕೂ ಏನೋ ಒಂದು ಕಾರಣ ಹೇಳುತ್ತಾರೆ. ಆ ಒಂದು ಮಾತನ್ನು ಮಾತ್ರ ಈ ಮನೆಯಲ್ಲಿ ಇವತ್ತಿನವರೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹಾಗಾಗಿ ನಾನು ಇಲ್ಲಿ ಬರೆಯುತ್ತಿದ್ದೇನೆ: ಅವಳು ಬೆಳ್ಳುಳ್ಳಿ ತಿಂದಿರಲಿಲ್ಲ.